ಯೂಟ್ ಜನರ ಇತಿಹಾಸ ಮತ್ತು ಅದರ ಆಕರಗಳು

ತಮ್ಮದೇ ಆದ ಲಿಪಿಯನ್ನು ಹೊಂದಿರದ ಜನರ ಇತಿಹಾಸವನ್ನು ಬರೆಯುವುದು ಹೇಗೆಂಬ ಪ್ರಶ್ನೆ ವಿದ್ವಾಂಸರನ್ನು ಬಹುಕಾಲದಿಂದ ಕಾಡಿದೆ. ಅಂತಹ ಜನರ ವಿಷಯದಲ್ಲಿ ಹೊರಗಿನವರು ಬರೆದಿಟ್ಟ ಕಾಗದಪತ್ರಗಳೇ ಮೊದಲು ಕೈಗೆ ಸಿಗುತ್ತವೆ. ಬರೆದವರಾದರೋ ಬಹುಮಟ್ಟಿಗೆ ಆ ಜನರ ನೆಲವನ್ನು ಬಯಸಿ ಬಂದವರು, ಇಲ್ಲವೆ ಅವರನ್ನು ಆಳಲು ನೇಮಕಗೊಂಡವರು. ಉತ್ತರ ಅಮೆರಿಕದ ಯೂಟ್ ಜನರ ಇತಿಹಾಸದಲ್ಲಿ ಈ ತೊಡಕು ಸ್ಪಷ್ಟವಾಗಿ ಕಂಡುಬರುತ್ತದೆ. ಅದನ್ನು ಬಿಡಿಸಿಕೊಳ್ಳುವ ದಾರಿಯನ್ನೂ ಅವರ ಇತಿಹಾಸವೇ ತೋರಿಸಿಕೊಡುತ್ತದೆ. ಆದುದರಿಂದ ಅವರನ್ನು ಕುರಿತ ಆಕರಗಳ ಪರಿಚಯ ಇತಿಹಾಸವನ್ನು ಬೋಧಿಸುವವರೆಲ್ಲರಿಗೂ ಉಪಯುಕ್ತವಾದುದು.

ಜನ ಮತ್ತು ನಾಡು

ಯೂಟರು ರಾಕಿ ಪರ್ವತಶ್ರೇಣಿಯ ಮೂಲನಿವಾಸಿಗಳು. ಇಂದಿನ ಕೊಲೊರಾಡೊ ಮತ್ತು ಯೂಟಾ ರಾಜ್ಯಗಳ ಬಹುಭಾಗ ಹಾಗೂ ನ್ಯೂ ಮೆಕ್ಸಿಕೊದ ಉತ್ತರ ಭಾಗ ಅವರ ಸಂಚಾರದ ನಾಡಾಗಿತ್ತು. ಯೂಟಾ ರಾಜ್ಯದ ಹೆಸರು ಬಂದಿರುವುದು ಅವರಿಂದಲೇ. ಅವರು ತಮ್ಮನ್ನು 'ಜನರು' ಎಂಬರ್ಥದ ನೂಚಿ ಎಂಬ ಶಬ್ದದಿಂದ ಕರೆದುಕೊಳ್ಳುತ್ತಾರೆ. ಅವರ ನುಡಿ ಯುಟೊ-ಅಜ್ಟೆಕನ್ ಭಾಷಾಕುಟುಂಬಕ್ಕೆ ಸೇರಿದುದು. ಇಂದು ಅವರು ಮೂರು ಮಾನ್ಯ ಬುಡಕಟ್ಟು ಸರಕಾರಗಳಾಗಿ ಸಂಘಟಿತರಾಗಿದ್ದಾರೆ. ಕೊಲೊರಾಡೊದ ಇಗ್ನಾಸಿಯೊದಲ್ಲಿ ದಕ್ಷಿಣ ಯೂಟರು, ಟೊಯಾಕ್‌ನಲ್ಲಿ ಯೂಟ್ ಮೌಂಟನ್ ಯೂಟರು, ಯೂಟಾ ರಾಜ್ಯದ ಫೋರ್ಟ್ ಡುಶೇನ್‌ನಲ್ಲಿ ಯುಯಿಂಟಾ ಮತ್ತು ಯೂರೇ ಮೀಸಲು ಪ್ರದೇಶದ ಯೂಟರು ತಮ್ಮ ಆಡಳಿತ ಕೇಂದ್ರಗಳನ್ನು ಹೊಂದಿದ್ದಾರೆ.

ಸ್ಪ್ಯಾನಿಷ್ ದಾಖಲೆಗಳು

ಯೂಟರನ್ನು ಕುರಿತ ಹಳೆಯ ಬರಹಗಳು ಸ್ಪ್ಯಾನಿಷ್ ಭಾಷೆಯಲ್ಲಿವೆ. ಸಾಂಟಾ ಫೆ ನಗರದಲ್ಲಿರುವ ನ್ಯೂ ಮೆಕ್ಸಿಕೊ ರಾಜ್ಯದ ಪತ್ರಾಗಾರದಲ್ಲಿ ಸ್ಪೇನ್ ಹಾಗೂ ಮೆಕ್ಸಿಕೊ ಆಳ್ವಿಕೆಯ ಕಾಲದ ಕಡತಗಳು ಉಳಿದುಬಂದಿವೆ. ಯುದ್ಧ, ಸಂಧಾನ, ವ್ಯಾಪಾರ ಇವುಗಳ ಸಂದರ್ಭದಲ್ಲಿ ಯೂಟರ ಹೆಸರು ಅವುಗಳಲ್ಲಿ ಬರುತ್ತದೆ. ಸೆರೆಸಿಕ್ಕು ಸ್ಪ್ಯಾನಿಷ್ ಮನೆತನಗಳಲ್ಲಿ ಸೇವಕರಾದ ಯೂಟ್ ಮಕ್ಕಳ ಸುಳಿವು ಚರ್ಚುಗಳ ದೀಕ್ಷಾಸ್ನಾನದ ಪುಸ್ತಕಗಳಲ್ಲಿ ದೊರೆಯುತ್ತದೆ.

1776ರಲ್ಲಿ ಡೊಮಿಂಗೆಜ್ ಮತ್ತು ಎಸ್ಕಲಾಂಟೆ ಎಂಬ ಇಬ್ಬರು ಪಾದ್ರಿಗಳು ಕ್ಯಾಲಿಫೋರ್ನಿಯದ ಮಾಂಟೆರೇಗೆ ದಾರಿಯನ್ನು ಅರಸುತ್ತ ಸಾಂಟಾ ಫೆಯಿಂದ ಹೊರಟರು. ಅವರ ದಿನಚರಿಯೂ, ಸಂಗಡಿಗನಾದ ಮಿಯೆರಾ ಇ ಪಚೆಕೊ ರಚಿಸಿದ ನಕ್ಷೆಯೂ ಯೂಟರ ನಾಡನ್ನು ತಿಳಿಯಲು ಅಮೂಲ್ಯವಾದ ಆಕರಗಳಾಗಿವೆ. ಆ ಪಾದ್ರಿಗಳಿಗೆ ದಾರಿ ತೋರಿದವರು ಯೂಟ್ ಮಾರ್ಗದರ್ಶಿಗಳು. ದಿನಚರಿಯಲ್ಲಾದರೋ ಅವರಲ್ಲೊಬ್ಬನನ್ನು ಸಿಲ್ವೆಸ್ಟ್ರೆ ಎಂದೂ, ಇನ್ನೊಬ್ಬ ಹುಡುಗನನ್ನು ಹೊಆಕೀನ್ ಎಂದೂ ಕರೆಯಲಾಗಿದೆ. ಇವು ಪಾದ್ರಿಗಳು ಇಟ್ಟ ಹೆಸರುಗಳು. ದಾರಿ ಬಲ್ಲವನ ಸ್ವಂತ ಹೆಸರು ಮರೆಯಾಗಿ, ದಾರಿ ಕೇಳಿದವನು ಕೊಟ್ಟ ಹೆಸರು ಉಳಿಯಿತು. ಮುಂದಿನ ದಾಖಲೆಗಳನ್ನು ಓದುವಾಗಲೂ ಈ ಸಂಗತಿ ಸಂಶೋಧಕನ ನೆನಪಿನಲ್ಲಿರಬೇಕು.

ಸರಕಾರದ ಕಡತಗಳು

ಯೂಟರ ನಾಡು ಅಮೆರಿಕ ಸಂಯುಕ್ತ ಸಂಸ್ಥಾನಗಳ ಅಧೀನಕ್ಕೆ ಬಂದ ಮೇಲೆ ಕಾಗದಗಳ ಸಂಖ್ಯೆ ಬೆಳೆಯಿತು. 1849ರಲ್ಲಿ ಮೊದಲ ಒಡಂಬಡಿಕೆಯಾಯಿತು. 1868ರ ಒಡಂಬಡಿಕೆ ಕೊಲೊರಾಡೊದ ಪಶ್ಚಿಮದ ಸುಮಾರು ಮೂರನೆಯ ಒಂದು ಭಾಗವನ್ನು ಯೂಟರಿಗೆ ಮೀಸಲಿಟ್ಟಿತು. ಸಾನ್ ಹುವಾನ್ ಬೆಟ್ಟಗಳಲ್ಲಿ ಚಿನ್ನ ಬೆಳ್ಳಿಗಳ ಆಸೆ ಹೆಚ್ಚಿದೊಡನೆ, 1873ರಲ್ಲಿ ಆದ ಬ್ರೂನೊ ಕರಾರಿನಿಂದ ಸುಮಾರು 37 ಲಕ್ಷ ಎಕರೆ ಭೂಮಿ ಅವರ ಕೈಬಿಟ್ಟಿತು. ಈ ಕರಾರು 1874ರಲ್ಲಿ ಸ್ಥಿರಪಟ್ಟಿತು.

ಇಂತಹ ವ್ಯವಹಾರಗಳ ಪತ್ರಗಳು ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಮೂಲನಿವಾಸಿಗಳ ಆಡಳಿತ ಇಲಾಖೆಯ ಕಡತಗಳನ್ನೆಲ್ಲ ಅಲ್ಲಿ 75ನೆಯ ದಾಖಲೆ ಸಮೂಹವೆಂದು ಗುರುತಿಸಲಾಗಿದೆ. 1824ರಿಂದ 1881ರವರೆಗೆ ಆ ಇಲಾಖೆಗೆ ಬಂದ ಪತ್ರಗಳು ಮೈಕ್ರೊಫಿಲ್ಮ್ ರೂಪದಲ್ಲಿ ದೊರೆಯುತ್ತವೆ. ಸ್ಥಳೀಯ ಕಚೇರಿಗಳ ಕಡತಗಳಿಗಾಗಿ ಕೊಲೊರಾಡೊದ ಬ್ರೂಮ್‌ಫೀಲ್ಡ್‌ನಲ್ಲಿರುವ ಡೆನ್ವರ್ ಶಾಖೆಯನ್ನು ನೋಡಬೇಕು.

1885ರಿಂದ 1940ರವರೆಗಿನ ಜನಗಣತಿಯ ಪಟ್ಟಿಗಳು ಕುಟುಂಬಗಳ ಇತಿಹಾಸಕ್ಕೆ ಮುಖ್ಯ ಆಧಾರ. ಹೆಸರು, ವಯಸ್ಸು, ಮನೆಯ ಯಜಮಾನನೊಡನೆ ಇರುವ ಸಂಬಂಧ ಮೊದಲಾದ ವಿವರಗಳು ಅವುಗಳಲ್ಲಿವೆ. ಆದರೆ ಯೂಟ್ ನುಡಿಯನ್ನು ಅರಿಯದ ಗುಮಾಸ್ತರು ಕಿವಿಗೆ ಬಿದ್ದಂತೆ ಹೆಸರುಗಳನ್ನು ಬರೆದುಕೊಂಡಿದ್ದಾರೆ. ಒಬ್ಬನೇ ವ್ಯಕ್ತಿ ಒಂದು ವರ್ಷ ಒಂದು ಹೆಸರಿನಲ್ಲಿ, ಮತ್ತೊಂದು ವರ್ಷ ಬೇರೊಂದು ಹೆಸರಿನಲ್ಲಿ ಕಾಣಿಸಿಕೊಳ್ಳಬಹುದು. ಹಲವು ವರ್ಷಗಳ ಪಟ್ಟಿಗಳನ್ನು ಹೋಲಿಸದೆ ನಿರ್ಣಯಕ್ಕೆ ಬರುವುದು ಸಲ್ಲದು.

ಒಂದು ಘಟನೆ, ಹಲವು ಸಾಕ್ಷ್ಯಗಳು

ಆಕರಗಳನ್ನು ಪರಸ್ಪರ ಹೋಲಿಸಿ ನೋಡುವ ಅಗತ್ಯಕ್ಕೆ 1879ರ ಘಟನೆಗಿಂತ ಉತ್ತಮ ನಿದರ್ಶನ ದೊರೆಯಲಾರದು. ಪತ್ರಕರ್ತನಾಗಿದ್ದ ನೇಥನ್ ಮೀಕರ್ 1878ರಲ್ಲಿ ವೈಟ್ ರಿವರ್ ಕಚೇರಿಗೆ ಸರಕಾರದ ಅಧಿಕಾರಿಯಾಗಿ ಬಂದನು. ಬೇಟೆಯಿಂದ ಬಾಳುತ್ತಿದ್ದ, ಕುದುರೆಗಳನ್ನು ಸಂಪತ್ತೆಂದು ಬಗೆದಿದ್ದ ಯೂಟರನ್ನು ಬೇಸಾಯಗಾರರನ್ನಾಗಿ ಮಾರ್ಪಡಿಸಬೇಕೆಂಬುದು ಅವನ ಹಟವಾಗಿತ್ತು. ಅವನು ಕುದುರೆಗಳು ಮೇಯುವ ಹುಲ್ಲುಗಾವಲನ್ನೂ ಪಂದ್ಯದ ಬಯಲನ್ನೂ ಉಳಿಸತೊಡಗಿದಾಗ ಕಲಹ ಉಂಟಾಯಿತು. ಮೀಕರ್ ಸೈನ್ಯದ ಸಹಾಯವನ್ನು ಕೋರಿದನು. ಮೇಜರ್ ಥಾರ್ನ್‌ಬರ್ಗನ ಪಡೆ ಮೀಸಲು ಪ್ರದೇಶದ ಗಡಿಯ ಬಳಿಗೆ ಬಂದಾಗ, ಸೆಪ್ಟೆಂಬರ್ 29ರಂದು, ಮಿಲ್ಕ್ ಕ್ರೀಕ್‌ನಲ್ಲಿ ಕಾಳಗ ನಡೆದು ಥಾರ್ನ್‌ಬರ್ಗ್ ಮಡಿದನು. ಅತ್ತ ಕಚೇರಿಯಲ್ಲಿ ಮೀಕರನೂ ಅವನ ಹತ್ತು ಮಂದಿ ನೌಕರರೂ ಹತರಾದರು.

ಮೀಕರನ ಪತ್ರಗಳನ್ನು ಮಾತ್ರ ಓದಿದವನಿಗೆ ಯೂಟರು ಸೋಮಾರಿಗಳೂ ಹಟಮಾರಿಗಳೂ ಆಗಿ ತೋರುವರು. ಯೂಟರು ತೊಲಗಬೇಕೆಂದು ಕೂಗೆಬ್ಬಿಸಿದ ಅಂದಿನ ಡೆನ್ವರ್ ಪತ್ರಿಕೆಗಳನ್ನು ಮಾತ್ರ ಓದಿದವನಿಗೆ ಅವರು ಕ್ರೂರಿಗಳಾಗಿ ಕಾಣುವರು. ಆದರೆ ಲಾಸ್ ಪಿನೊಸ್ ಎಂಬಲ್ಲಿ ಕುಳಿತ ವಿಚಾರಣಾ ಆಯೋಗದ ಕಡತವನ್ನು ತೆರೆದಾಗ ಯೂಟರ ಮಾತೂ ಕೇಳಿಬರುತ್ತದೆ. ಯೂಟ್ ನಾಯಕನಾದ ಯೂರೇ ಆ ಆಯೋಗದ ಸದಸ್ಯರಲ್ಲೊಬ್ಬನಾಗಿದ್ದನು. ಸೈನ್ಯವು ಗಡಿ ದಾಟಿದುದನ್ನು ಯೂಟರು ಯುದ್ಧದ ಘೋಷಣೆಯೆಂದೇ ತಿಳಿದರು. 1880ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯೊಂದು ಸಂಗ್ರಹಿಸಿ ಮುದ್ರಿಸಿದ ಸಾಕ್ಷ್ಯಗಳನ್ನೂ ಇವುಗಳ ಜೊತೆಗಿಟ್ಟು ಪರಿಶೀಲಿಸಬೇಕು. ಆ ಕಾಲದ ಅನೇಕ ಮಾತುಕತೆಗಳು ಯೂಟ್ ನುಡಿಯಿಂದ ಸ್ಪ್ಯಾನಿಷ್‌ಗೂ ಅಲ್ಲಿಂದ ಇಂಗ್ಲಿಷಿಗೂ ದಾಟಿ ಬಂದವು. ಆದುದರಿಂದ ಸಾಕ್ಷಿಯ ಮಾತಿನ ಜೊತೆಗೆ ದುಭಾಷಿಯ ಮಾತೂ ಅಲ್ಲಿ ಬೆರೆತಿರುವುದನ್ನು ಮರೆಯಲಾಗದು.

ಈ ಘಟನೆಯ ಫಲವನ್ನು ಅದರಲ್ಲಿ ಭಾಗಿಗಳಾಗದವರೂ ಉಣ್ಣಬೇಕಾಯಿತು. 1881ರಲ್ಲಿ ವೈಟ್ ರಿವರ್ ಯೂಟರೊಡನೆ, ಯೂರೇಯ ಸ್ವಂತ ಜನರಾದ ಅನ್‌ಕಂಪಾಗ್ರೆ ಯೂಟರನ್ನೂ ಕೊಲೊರಾಡೊದಿಂದ ಯೂಟಾ ಪ್ರಾಂತಕ್ಕೆ ಸಾಗಿಸಲಾಯಿತು. ಅಷ್ಟರಲ್ಲಿ ಯೂರೇ ತೀರಿಕೊಂಡು ಒಂದು ವರ್ಷವಾಗಿತ್ತು. ಅವನ ಪತ್ನಿ ಚಿಪೀಟಾ 1924ರವರೆಗೆ ಬದುಕಿದ್ದಳು.

ವಿದ್ವಾಂಸರ ಸಂಗ್ರಹಗಳು

ಭಾಷೆ ಮತ್ತು ಸಂಸ್ಕೃತಿಗಳ ಅಭ್ಯಾಸಕ್ಕೆ ಜಾನ್ ವೆಸ್ಲಿ ಪವೆಲ್‌ನ ಹಸ್ತಪ್ರತಿಗಳು ಮುಖ್ಯವಾದುವು. 1868ರ ಚಳಿಗಾಲದಲ್ಲಿ ಅವನು ವೈಟ್ ರಿವರ್ ಯೂಟರ ನೆರೆಯಲ್ಲಿ ತಂಗಿದ್ದು ಅವರ ನುಡಿಯನ್ನು ಅಭ್ಯಸಿಸಿದನು. ಅವನ ಟಿಪ್ಪಣಿಗಳು ಸ್ಮಿತ್‌ಸೋನಿಯನ್ ಸಂಸ್ಥೆಯ ಮಾನವಶಾಸ್ತ್ರ ಪತ್ರಾಗಾರದಲ್ಲಿದ್ದು, 1971ರಲ್ಲಿ ಸಂಪಾದಿತ ರೂಪದಲ್ಲಿ ಪ್ರಕಟವಾದವು. ಓಮರ್ ಸ್ಟೂವರ್ಟ್ ಎಂಬ ಮಾನವಶಾಸ್ತ್ರಜ್ಞನು ಕೊಲೊರಾಡೊದ ಯೂಟರನ್ನು ಕುರಿತ ಬರಹಗಳ ಸೂಚಿಯೊಂದನ್ನು ಅದೇ ವರ್ಷ ಹೊರತಂದನು. ಅವನ ಕಾಗದಪತ್ರಗಳು ಬೌಲ್ಡರ್‌ನ ವಿಶ್ವವಿದ್ಯಾಲಯದಲ್ಲಿವೆ.

ಫ್ರಾನ್ಸಿಸ್ ಡೆನ್ಸ್‌ಮೋರ್ ಎಂಬ ವಿದುಷಿ 1914 ಮತ್ತು 1916ರಲ್ಲಿ ಉತ್ತರದ ಯೂಟರ ಹಾಡುಗಳನ್ನು ಮೇಣದ ಉರುಳೆಗಳಲ್ಲಿ ಧ್ವನಿಮುದ್ರಿಸಿಕೊಂಡಳು. ನೂರಕ್ಕೂ ಹೆಚ್ಚು ಹಾಡುಗಳ ಸ್ವರಲಿಪಿಯನ್ನೊಳಗೊಂಡ ಅವಳ ಗ್ರಂಥ 1922ರಲ್ಲಿ ಅಚ್ಚಾಯಿತು. ವಸಂತಕಾಲದ ಕರಡಿ ಕುಣಿತದ ಹಾಡುಗಳೂ ಅದರಲ್ಲಿ ಸೇರಿವೆ. ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ 1979ರಲ್ಲಿ ಇಂತಹ ಉರುಳೆಗಳ ಧ್ವನಿಯನ್ನು ಪ್ರತಿಮಾಡಿ, ಆಯಾ ಬುಡಕಟ್ಟುಗಳಿಗೆ ಮರಳಿ ತಲುಪಿಸುವ ಕಾರ್ಯವನ್ನು ಕೈಗೊಂಡಿತು.

ಯೂಟರದೇ ಆದ ಆಕರಗಳು

ಇದುವರೆಗೆ ಹೇಳಿದ ಆಕರಗಳಲ್ಲಿ ಲೇಖನಿ ಬಹುಮಟ್ಟಿಗೆ ಪರರ ಕೈಯಲ್ಲಿತ್ತು. ಇದಕ್ಕೆ ಪೂರಕವಾಗಿ ಯೂಟರ ಬಾಯಿಂದಲೇ ಬಂದ ಇತಿಹಾಸವನ್ನು ಸಂಗ್ರಹಿಸುವ ಪ್ರಯತ್ನಗಳು ನಡೆದವು. ಡೋರಿಸ್ ಡ್ಯೂಕ್ ಎಂಬ ದಾನಶೀಲ ಮಹಿಳೆಯ ನೆರವಿನಿಂದ 1966ರಿಂದ 1972ರವರೆಗೆ ಕೆಲವು ವಿಶ್ವವಿದ್ಯಾಲಯಗಳು ಮೂಲನಿವಾಸಿ ಹಿರಿಯರ ಮಾತುಗಳನ್ನು ಧ್ವನಿಮುದ್ರಿಸಿದವು. ಯೂಟಾ ವಿಶ್ವವಿದ್ಯಾಲಯದ ಸಂಗ್ರಹದಲ್ಲಿ ಯೂಟರ ಸಂದರ್ಶನಗಳಿವೆ. ಒಬ್ಬರ ದಾನದಿಂದ ಒಂದು ತಲೆಮಾರಿನ ಸ್ಮರಣೆ ಉಳಿದುಕೊಂಡಿತು. ಆ ಹಿರಿಯರು ತೀರಿಕೊಂಡ ಮೇಲೆ ಎಷ್ಟು ಹಣ ವೆಚ್ಚಮಾಡಿದರೂ ಅದು ದೊರೆಯುತ್ತಿರಲಿಲ್ಲ.

ದಕ್ಷಿಣ ಯೂಟರು 1968ರಲ್ಲಿ ತಮ್ಮದೇ ಪತ್ರಿಕೆಯನ್ನು ಆರಂಭಿಸಿದರು. ಯೂಟ್ ನಿಘಂಟು 1979ರಲ್ಲಿಯೂ, ವ್ಯಾಕರಣ 1980ರಲ್ಲಿಯೂ ಇಗ್ನಾಸಿಯೊದಿಂದ ಪ್ರಕಟವಾದವು. 2011ರಲ್ಲಿ ಅಲ್ಲಿ ಅವರ ಸಾಂಸ್ಕೃತಿಕ ಕೇಂದ್ರ ಮತ್ತು ವಸ್ತುಸಂಗ್ರಹಾಲಯ ತೆರೆಯಿತು. ಯೂರೇ ಮತ್ತು ಚಿಪೀಟಾ ಅವರ ಜಮೀನಿದ್ದ ಮಾಂಟ್ರೋಸ್‌ನಲ್ಲಿ 1956ರಲ್ಲಿ ಸ್ಥಾಪನೆಗೊಂಡ ಯೂಟ್ ವಸ್ತುಸಂಗ್ರಹಾಲಯವೂ ಅಭ್ಯಾಸಿಗಳು ನೋಡತಕ್ಕದ್ದು. ಪವಿತ್ರವೆಂದು ಭಾವಿಸಿದ ಹಾಡು, ಆಚರಣೆಗಳ ವಿಷಯದಲ್ಲಿ ಬುಡಕಟ್ಟಿನ ಅನುಮತಿಯನ್ನು ಪಡೆದೇ ಸಂಶೋಧಕನು ಮುಂದುವರಿಯಬೇಕು. ದಾಖಲೆ ಪತ್ರಾಗಾರದಲ್ಲಿ ಸಿಕ್ಕಿದ ಮಾತ್ರಕ್ಕೆ ಅದನ್ನು ಬಹಿರಂಗಪಡಿಸುವ ಹಕ್ಕು ದೊರೆತಂತಾಗದು.

ದಾಖಲೆಯ ಬಲ

ಹಳೆಯ ಕಾಗದಗಳ ಅಧ್ಯಯನದಿಂದ ಪ್ರಯೋಜನವೇನೆಂದು ಕೇಳುವವರಿಗೆ ಯೂಟರ ಅನುಭವವೇ ಉತ್ತರವಾಗಿದೆ. ಕಳೆದುಕೊಂಡ ಭೂಮಿಗಾಗಿ ಅವರು ಹೂಡಿದ ದಾವೆಯಲ್ಲಿ 1950ರಲ್ಲಿ ಅಮೆರಿಕದ ಪರಿಹಾರ ನ್ಯಾಯಾಲಯ 3 ಕೋಟಿ ಡಾಲರಿಗೂ ಮಿಕ್ಕ ಮೊತ್ತವನ್ನು ನೀಡುವಂತೆ ತೀರ್ಪಿತ್ತಿತು. ಬ್ರೂನೊ ಕರಾರಿನಲ್ಲಿ, ಬಿಟ್ಟುಕೊಟ್ಟ ನೆಲದಲ್ಲಿಯೂ ಯೂಟರು ಬೇಟೆಯಾಡಬಹುದೆಂಬ ಮಾತೊಂದಿತ್ತು. ನೂರು ವರ್ಷಗಳ ತರುವಾಯ ಆ ಮಾತಿಗೆ ಮತ್ತೆ ಜೀವ ಬಂದಿತು. 1978ರಲ್ಲಿ ಯೂಟ್ ಮೌಂಟನ್ ಯೂಟರ ಹಕ್ಕನ್ನೂ, 2009ರಲ್ಲಿ ದಕ್ಷಿಣ ಯೂಟರ ಹಕ್ಕನ್ನೂ ಕೊಲೊರಾಡೊ ರಾಜ್ಯ ಒಪ್ಪಿಕೊಂಡಿತು. ಭೂಮಿಯನ್ನು ಕಸಿದುಕೊಂಡ ಕಾಗದವೇ ಹಕ್ಕನ್ನು ಮರಳಿಸುವುದಕ್ಕೂ ಆಧಾರವಾಯಿತು. ಅದನ್ನು ಯಾರಾದರೂ ಅಸಡ್ಡೆಯಿಂದ ಹಾಳುಗೆಡವಿದ್ದರೆ ಆ ಹಕ್ಕಿಗೆ ಲಿಖಿತ ಸಾಕ್ಷಿ ಉಳಿಯುತ್ತಿರಲಿಲ್ಲ.

ಯಾವುದೇ ದಾಖಲೆಯನ್ನು ಕೈಗೆತ್ತಿಕೊಂಡಾಗ ವಿದ್ಯಾರ್ಥಿಯು ಕೇಳಬೇಕಾದ ಪ್ರಶ್ನೆಗಳು ಮೂರು: ಇದನ್ನು ಬರೆದವರು ಯಾರು? ಯಾರಿಗಾಗಿ, ಯಾವ ಉದ್ದೇಶದಿಂದ ಬರೆದರು? ಇದರಲ್ಲಿ ಯಾರ ಮಾತು ಸೇರದೆ ಉಳಿಯಿತು? ಮೂರನೆಯ ಪ್ರಶ್ನೆಗೆ ಉತ್ತರ ಅನೇಕ ವೇಳೆ ಆ ದಾಖಲೆಯ ಹೊರಗಿರುತ್ತದೆ. ಅದನ್ನು ಹಾಡಿನಲ್ಲಿ, ಹಿರಿಯರ ನೆನಪಿನಲ್ಲಿ, ಸ್ಥಳನಾಮಗಳಲ್ಲಿ ಹುಡುಕಬೇಕಾಗುತ್ತದೆ. ಹೀಗೆ ಹುಡುಕುವ ಅಭ್ಯಾಸವನ್ನು ಬಾಲ್ಯದಲ್ಲಿಯೇ ಬೆಳೆಸಿದರೆ ಇತಿಹಾಸದ ಪಾಠವು ಇಸವಿಗಳ ಬಾಯಿಪಾಠವಾಗಿ ನಿಲ್ಲದೆ, ಅನ್ಯರಿಗೆ ನ್ಯಾಯ ಸಲ್ಲಿಸುವ ವಿದ್ಯೆಯೂ ಆಗುವುದು.