ಕೇಕನ್ನು ಎರಡು ಸಲ ಬೇಯಿಸಿದರೆ ಏನಾಗುತ್ತೆ?



ನಮ್ಮ ಮನೆ ಇರೋದು ರೆಡ್ಮಂಡ್‌ನ ಎಜುಕೇಶನ್ ಹಿಲ್‌ನಲ್ಲಿ. ಧಾರವಾಡದಲ್ಲಿ, ಬಾಗಲಕೋಟೆಯಲ್ಲಿ, ಮೂಡುಬಿದಿರೆಯಲ್ಲಿ 'ವಿದ್ಯಾಗಿರಿ' ಅನ್ನೋ ಜಾಗಗಳಿವೆ. ನಮ್ಮದೂ ಅದೇ ಹೆಸರು, ಇಂಗ್ಲಿಷಿನಲ್ಲಿ ಅಷ್ಟೇ. ಇಲ್ಲಿ ಶಾಲೆಗಳು ಜಾಸ್ತಿ, ಮಕ್ಕಳು ಜಾಸ್ತಿ, ಹಾಗಾಗಿ ಹುಟ್ಟುಹಬ್ಬಗಳೂ ಜಾಸ್ತಿ. ಪಾರ್ಟಿ ಮುಗಿದ ಮೇಲೆ ಅರ್ಧ ಕೇಕ್ ಉಳಿಯೋದು ನಿಮ್ಮ ಮನೆಯಲ್ಲೂ ಇದ್ದದ್ದೇ ಅಲ್ವಾ?

ಕಳೆದ ವರ್ಷ ಮಗಳ ಹುಟ್ಟುಹಬ್ಬದ ಮರುದಿನ ನಾನು ಉಳಿದ ಕೇಕನ್ನು ಕಾಂಪೋಸ್ಟ್ ಡಬ್ಬಿಗೆ ಹಾಕಲು ಹೊರಟಿದ್ದೆ. ಹಾಸನದಿಂದ ಬಂದಿದ್ದ ನಮ್ಮಮ್ಮ ನೋಡಿದರು.

"ಯಾಕೋ, ಹಳಸಿದ್ಯಾ ಅದು?"

"ಇಲ್ಲಮ್ಮ, ಇನ್ನು ಯಾರೂ ತಿನ್ನಲ್ಲ."

"ಬೇಕರಿ ಅಯ್ಯಂಗಾರ್ರು ಹೀಗೇ ಬಿಸಾಕಿದ್ದಿದ್ರೆ ನೀನು ದಿನಾ ಕಾಫಿಗೆ ಅದ್ದಿಕೊಂಡು ತಿಂದ ರಸ್ಕ್ ಎಲ್ಲಿಂದ ಬರ್ತಿತ್ತು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಈ ಪಾಠ ಹುಟ್ಟಿದ್ದು ಆ ಪ್ರಶ್ನೆಯಿಂದ.

ರಸ್ಕ್ ಅಂದ್ರೆ ಏನು?

ಬ್ರೆಡ್ಡನ್ನು ಹೋಳು ಮಾಡಿ ಮತ್ತೊಮ್ಮೆ ಬೇಯಿಸಿದರೆ ರಸ್ಕ್. ಕೇಕನ್ನು ಹಾಗೆ ಮಾಡಿದರೆ ಕೇಕ್ ರಸ್ಕ್. ಬೆಂಗಳೂರಿನ ಚಿಕ್ಕಪೇಟೆಯಲ್ಲಿ 1898ರಲ್ಲಿ ಶುರುವಾದ ಬಿ.ಬಿ. ಬೇಕರಿಯಿಂದ ಹಿಡಿದು ಇವತ್ತಿನ ಬೀದಿ ಬೀದಿಯ ಅಯ್ಯಂಗಾರ್ ಬೇಕರಿಗಳ ತನಕ, ಈ ಕಸುಬನ್ನು ಬೆಳೆಸಿದವರಲ್ಲಿ ಹಾಸನ ಜಿಲ್ಲೆಯ ಕುಟುಂಬಗಳೇ ಹೆಚ್ಚು. ಅದಕ್ಕೇ ನಮ್ಮಮ್ಮನಿಗೆ ಅಷ್ಟು ಹೆಮ್ಮೆ!

ಬೇರೆ ದೇಶದವರಿಗೂ ಈ ಉಪಾಯ ಗೊತ್ತಿತ್ತು. 'ಬಿಸ್ಕೆಟ್' ಅನ್ನೋ ಪದದ ಮೂಲ ಅರ್ಥವೇ ಎರಡು ಸಲ ಬೇಯಿಸಿದ್ದು. ಇಟಲಿಯ ಬಿಸ್ಕಾಟಿಗೂ ಜರ್ಮನಿಯ ಜ್ವೀಬ್ಯಾಕ್‌ಗೂ ಅದೇ ಅರ್ಥ. ಇಲ್ಲಿ ಸೂಪಿನ ಮೇಲೆ, ಸಲಾಡಿನ ಮೇಲೆ ಹಾಕ್ತಾರಲ್ಲ, ಗರಿಗರಿಯಾದ ಬ್ರೆಡ್ ತುಂಡು, ಅದು ಕ್ರೂಟಾನ್. ಫ್ರೆಂಚ್ ಪದ. ನಾವು ಇವತ್ತು ಮಾಡೋದು ಸಿಹಿ ಕ್ರೂಟಾನ್: ಕೇಕಿನದು, ಏಲಕ್ಕಿ ಚಕ್ಕೆ ಹಾಕಿದ್ದು.

ಬೇಕಾಗುವ ಸಾಮಾನು

- ಒಂದು ದಿನ ಹಳೆಯದಾದ ಕೇಕ್, ಚೌಕಾಕಾರದ ತುಂಡುಗಳು: 4 ಕಪ್ (ಸುಮಾರು 300 ಗ್ರಾಂ)
- ಕರಗಿಸಿದ ಬೆಣ್ಣೆ ಅಥವಾ ತುಪ್ಪ: 2 ಟೇಬಲ್ ಚಮಚ
- ಸಕ್ಕರೆ: 1 ಟೇಬಲ್ ಚಮಚ
- ಚಕ್ಕೆ ಪುಡಿ: 1 ಟೀ ಚಮಚ
- ಏಲಕ್ಕಿ ಪುಡಿ: ಅರ್ಧ ಟೀ ಚಮಚ
- ಒಣಶುಂಠಿ ಪುಡಿ: ಕಾಲು ಟೀ ಚಮಚ
- ಜಾಯಿಕಾಯಿ ಪುಡಿ, ಉಪ್ಪು: ಒಂದೊಂದು ಚಿಟಿಕೆ

ಪೋಷಕರ ಗಮನಕ್ಕೆ: ಕೇಕಿನ ಮೇಲಿನ ಕ್ರೀಮನ್ನು ಪೂರ್ತಿ ಕೆರೆದು ತೆಗೀರಿ, ಇಲ್ಲದಿದ್ದರೆ ಸೀದುಹೋಗುತ್ತೆ. ಬೂಸ್ಟು ಬಂದ ಕೇಕ್, ಕ್ರೀಮ್ ಸಮೇತ ರಾತ್ರಿಯೆಲ್ಲಾ ಹೊರಗಿದ್ದ ಕೇಕ್ ಬೇಡವೇ ಬೇಡ. ಚಾಕು, ಓವನ್ ಎರಡೂ ದೊಡ್ಡವರ ಕೆಲಸ.

ಮಾಡುವ ವಿಧಾನ

1. ಕೇಕನ್ನು ಒಂದು ಗಂಟೆ ಫ್ರಿಜ್‌ನಲ್ಲಿಡಿ. ತಣ್ಣಗಾದರೆ ಅದರೊಳಗಿನ ಬೆಣ್ಣೆ ಗಟ್ಟಿಯಾಗಿ, ಕತ್ತರಿಸುವಾಗ ಪುಡಿ ಉದುರೋದು ಕಡಿಮೆ.
2. ಓವನ್ನನ್ನು 300 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಡಿ. ಅಂದ್ರೆ ಸುಮಾರು 150 ಡಿಗ್ರಿ ಸೆಲ್ಸಿಯಸ್.
3. ಕೇಕನ್ನು ಮುಕ್ಕಾಲು ಇಂಚಿನ ಚೌಕಗಳಾಗಿ ಕತ್ತರಿಸಿ.
4. ಬೆಣ್ಣೆಗೆ ಸಕ್ಕರೆ, ಮಸಾಲೆ ಪುಡಿಗಳನ್ನು ಕಲಸಿ, ತುಂಡುಗಳ ಮೇಲೆ ಹಾಕಿ ಕೈಯಲ್ಲೇ ಮೆಲ್ಲಗೆ ಹೊರಳಿಸಿ. ಇದು ಮಕ್ಕಳ ಕೆಲಸ!
5. ತಟ್ಟೆಯಲ್ಲಿ ಒಂದಕ್ಕೊಂದು ತಾಗದ ಹಾಗೆ ಹರಡಿ. 15 ನಿಮಿಷ ಆದ ಮೇಲೆ ತಿರುವಿ ಹಾಕಿ, ಇನ್ನೂ 10-15 ನಿಮಿಷ ಬಿಡಿ.
6. ಹೊರಗೆ ತೆಗೆದಾಗ ಸ್ವಲ್ಪ ಮೆತ್ತಗೇ ಇರುತ್ತೆ. ಗಾಬರಿ ಬೇಡ. ಆರಿದ ಮೇಲೆ ಗರಿಗರಿ ಆಗುತ್ತೆ.

ಯಾಕೆ ಹೀಗೆ?

ನಿಜ ಹೇಳ್ತೀನಿ, ನನ್ನ ಮೊದಲ ತಟ್ಟೆ ಹಾಳಾಯ್ತು. ಬೇಗ ಆಗಲಿ ಅಂತ 400 ಡಿಗ್ರಿಗೆ ಇಟ್ಟೆ. ಹತ್ತೇ ನಿಮಿಷದಲ್ಲಿ ಹೊರಗೆ ಕರಿ, ಒಳಗೆ ಮೆತ್ತಗೆ, ಮನೆಯೆಲ್ಲಾ ಹೊಗೆ, ಸ್ಮೋಕ್ ಅಲಾರಂ ಬೇರೆ! ಅಮ್ಮ ಅಂದಿದ್ದು ಒಂದೇ ಮಾತು: "ಇದು ಸುಡೋ ಕೆಲಸ ಅಲ್ಲ ಕಣೋ, ಒಣಗಿಸೋ ಕೆಲಸ."

ಇದೇ ಈ ಪಾಠದ ತಿರುಳು. ಮೊದಲ ಸಲ ಓವನ್‌ಗೆ ಹೋದಾಗ ಹಿಟ್ಟು ಬೇಯುತ್ತೆ. ಎರಡನೇ ಸಲ ಒಳಗಿನ ನೀರು ಆವಿಯಾಗಿ ಹೊರಗೆ ಹೋಗಬೇಕು. ಒಳಗಿನ ನೀರು ಹೊರಗೆ ಬರೋಕೆ ಸಮಯ ಬೇಕು. ಬಿಸಿ ಜಾಸ್ತಿಯಾದರೆ ಅಷ್ಟರೊಳಗೆ ಹೊರಗಿನ ಸಕ್ಕರೆ ಸೀದುಹೋಗುತ್ತೆ.

ಚಿಕ್ಕ ತುಂಡು ಯಾಕೆ? ಲೆಕ್ಕ ಮಾಡೋಣ. 2 ಇಂಚಿನ ಒಂದು ಘನಕ್ಕೆ 6 ಮುಖ, ಒಂದೊಂದು ಮುಖ 4 ಚದರ ಇಂಚು, ಒಟ್ಟು 24. ಅದನ್ನೇ 1 ಇಂಚಿನ 8 ಘನಗಳಾಗಿ ಕತ್ತರಿಸಿದರೆ ಒಟ್ಟು 48. ಕೇಕ್ ಅಷ್ಟೇ ಇದೆ, ಆದರೆ ನೀರು ಹೊರಗೆ ಹೋಗೋ ಬಾಗಿಲು ಎರಡರಷ್ಟಾಯ್ತು!

ಎರಡನೇ ಸಲ ನಾವು ತೂಕ ನೋಡಿದೆವು. ಓವನ್‌ಗೆ ಹೋಗುವಾಗ 340 ಗ್ರಾಂ, ಹೊರಗೆ ಬಂದಾಗ 280. "ಅರವತ್ತು ಗ್ರಾಂ ಯಾರು ತಿಂದ್ರು?" ಅಂತ ಮಗಳು ಕೇಳಿದಳು. ಯಾರೂ ತಿನ್ನಲಿಲ್ಲ ಪುಟ್ಟಿ, ಅದು ನೀರು. ಆವಿಯಾಗಿ ಹೋಯ್ತು.

ಆರಿದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿಡಿ. ಸಕ್ಕರೆ ಗಾಳಿಯಲ್ಲಿರೋ ತೇವ ಎಳೆದುಕೊಳ್ಳುತ್ತೆ, ನಮ್ಮೂರಿನ ಮಳೆಗಾಲವಂತೂ ಗೊತ್ತೇ ಇದೆ. ಮೆತ್ತಗಾದರೆ ಮತ್ತೆ 5 ನಿಮಿಷ ಓವನ್‌ನಲ್ಲಿಟ್ಟು ಆರಿಸಿ. ಐಸ್‌ಕ್ರೀಮ್, ಬಾಸುಂದಿ, ಬಾಳೆಹಣ್ಣಿನ ರಸಾಯನ, ಯಾವುದರ ಮೇಲಾದರೂ ಉದುರಿಸಬಹುದು. ಆದರೆ ಬಡಿಸುವಾಗಲೇ ಉದುರಿಸಿ!

ಅಜ್ಜಿ ಕಲಿಸಿದ ಪದಗಳು

ನನ್ನ ಮಗಳಿಗೆ 'ಕ್ರಿಸ್ಪಿ' ಅನ್ನೋ ಪದ ಒಂದೇ ಗೊತ್ತಿತ್ತು. ಅಜ್ಜಿ ಒಂದು ತುಂಡು ಮುರಿದು ಅವಳ ಕಿವಿ ಹತ್ತಿರ ಹಿಡಿದು, "ಕೇಳು, ಇದಕ್ಕೆ ಗರಿಗರಿ ಅನ್ನಬೇಕು" ಅಂದರು. ಆಮೇಲೆ ಒಂದೊಂದೇ ಪದ ಬಂತು:

- ಮೆತ್ತಗೆ: ಒತ್ತಿದರೆ ತಗ್ಗುವಂಥದ್ದು
- ಸೀದುಹೋಗು: ಬಿಸಿ ಹೆಚ್ಚಾಗಿ ಕರಿಯಾಗು (ಅಪ್ಪನ ಮೊದಲ ತಟ್ಟೆ!)
- ಆರಿಸು: ಬಿಸಿಯಾದದ್ದನ್ನು ತಣ್ಣಗಾಗಲು ಬಿಡು
- ಹದ: ಹೆಚ್ಚೂ ಅಲ್ಲದ, ಕಡಿಮೆಯೂ ಅಲ್ಲದ ಸರಿಯಾದ ಸ್ಥಿತಿ

ಅಮ್ಮ ಬಂದು ಎರಡು ತಿಂಗಳಾಗಿದ್ದರೂ ಅಜ್ಜಿ ಮೊಮ್ಮಗಳ ಮಾತು "ಊಟ ಆಯ್ತಾ?", "ಆಯ್ತು" ದಾಟಿರಲಿಲ್ಲ. ಇಬ್ಬರಿಗೂ ಆಸೆ ಇತ್ತು, ಮಾತಾಡೋಕೆ ವಿಷಯ ಇರಲಿಲ್ಲ. ಆ ದಿನ ಓವನ್ ಮುಂದೆ ಸ್ಟೂಲ್ ಹಾಕಿಕೊಂಡು ಅರ್ಧ ಗಂಟೆ ಮಾತಾಡಿದರು. ಈಗ ಅಮ್ಮ ಹಾಸನಕ್ಕೆ ವಾಪಸ್ ಹೋಗಿದ್ದಾರೆ. ಶನಿವಾರ ರಾತ್ರಿ ವಿಡಿಯೋ ಕಾಲ್‌ನಲ್ಲಿ ಮಗಳು ಫೋನ್ ಹತ್ತಿರ ಒಂದು ತುಂಡು ಮುರಿದು, "ಅಜ್ಜಿ, ಹದ ಬಂತಾ?" ಅಂತ ಕೇಳ್ತಾಳೆ. ಆ ಕಡೆಯಿಂದ ಒಮ್ಮೊಮ್ಮೆ "ಇನ್ನೂ ಐದು ನಿಮಿಷ ಇಡು" ಅಂತ ತೀರ್ಪು ಬರುತ್ತೆ.

ಮನೆಗೆಲಸ

1. ಓವನ್‌ಗೆ ಇಡುವ ಮೊದಲು, ತೆಗೆದ ಮೇಲೆ ತೂಕ ನೋಡಿ. ಎಷ್ಟು ಗ್ರಾಂ ನೀರು ಹೋಯ್ತು?
2. ನಿಮ್ಮ ಅಜ್ಜಿಗೋ ತಾತನಿಗೋ ಫೋನ್ ಮಾಡಿ, ಅವರ ಮನೆಯಲ್ಲಿ ಉಳಿದ ಅನ್ನ, ಚಪಾತಿ, ದೋಸೆ ಹಿಟ್ಟಿನಿಂದ ಏನು ಮಾಡ್ತಿದ್ರು ಅಂತ ಕೇಳಿ. ಅವರು ಹೇಳಿದ್ದರಲ್ಲಿ ನಿಮಗೆ ಹೊಸದಾದ ಮೂರು ಕನ್ನಡ ಪದ ಬರೆದುಕೊಂಡು ತರಗತಿಗೆ ಬನ್ನಿ.

ಕ್ರೂಟಾನ್ ತಂದರೆ ಇನ್ನೂ ಸಂತೋಷ. ಆದರೆ ಮೊಟ್ಟೆ, ಬೀಜಗಳು ಇದ್ದರೆ ಡಬ್ಬಿಯ ಮೇಲೆ ಬರೆಯೋದು ಮರೀಬೇಡಿ. ಬರೆಯೋದು ಕನ್ನಡದಲ್ಲೇ, ಆಯ್ತಾ?