ಎಡಗೈ ಹುಡುಗಿಗೆ ಒಂದು ಸ್ಟಾಕ್

ಏರ್ ರೈಫಲ್ ಸ್ಪರ್ಧೆಯಲ್ಲಿ ಗುರಿ ಇರುವುದು 10 ಮೀಟರ್ ದೂರದಲ್ಲಿ. ಅದರ ನಡುವಿನ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್ ಅಗಲ. ಅಷ್ಟು ಸಣ್ಣದಕ್ಕೆ ಗುರಿಯಿಡಬೇಕಾದರೆ ಪ್ರತಿಸಲವೂ ಕೆನ್ನೆ ಸ್ಟಾಕಿನ, ಅಂದರೆ ರೈಫಲ್ಲನ್ನು ಭುಜಕ್ಕೆ ಆನಿಸುವ ಮರದ ಭಾಗದ ಮೇಲೆ ಒಂದೇ ಜಾಗದಲ್ಲಿ ಕೂರಬೇಕು. ನನ್ನ ಅಕ್ಕನ ಮಗಳು ಎಡಗೈಯವಳು, ಇನ್ನೂ ಹೈಸ್ಕೂಲು. ಅಭ್ಯಾಸಕ್ಕೆ ಸಿಕ್ಕ ರೈಫಲ್ಲಿನ ಸ್ಟಾಕ್ ಬಲಗೈಯ ದೊಡ್ಡವರಿಗಾಗಿ ಮಾಡಿದ್ದು. ಕೆನ್ನೆ ಆನಿಸುವ ಉಬ್ಬು ಎಡಬದಿಗಿತ್ತು. ಅವಳು ಕತ್ತು ಚಾಚಿ ಹೊಡೆಯುವುದನ್ನು ನೋಡಲಾಗದೆ ಮನೆಯ ಹಿಂದಿನ ಶೆಡ್ಡಿನಲ್ಲಿ, ಇದ್ದ ಸಾಮಾನಿನಲ್ಲೇ ಹೊಸ ಸ್ಟಾಕ್ ಮಾಡಿದೆ. ಕೈಹಾಕಿದ್ದು ಮರಕ್ಕೆ ಮಾತ್ರ; ನಳಿಗೆ, ಸ್ಪ್ರಿಂಗ್, ಟ್ರಿಗರ್ ಇದ್ದಂತೆಯೇ ಉಳಿದವು.

ಮೊದಲು ಮೈಯ ಅಳತೆ. ಮೊಣಕೈಯನ್ನು ಲಂಬಕೋನಕ್ಕೆ ಮಡಿಸಿ, ಒಳಮಡಿಕೆಗೆ ಸ್ಟಾಕಿನ ಹಿಂತುದಿ ತಾಗಿಸಿದಾಗ ತೋರುಬೆರಳು ಟ್ರಿಗರ್‌ಗೆ ಸಲೀಸಾಗಿ ಎಟುಕಬೇಕು. ಕಣ್ಣು ಮುಚ್ಚಿ ಕೆನ್ನೆ ಆನಿಸಿ, ತೆರೆದಾಗ ಗುರಿಕಿಂಡಿ ನೇರ ಎದುರಿಗಿರಬೇಕು. ಹಳೆಯ ಸ್ಟಾಕಿಗೆ ರಟ್ಟಿನ ಚೂರುಗಳನ್ನು ಸೈಕಲ್ ಟ್ಯೂಬಿನ ಪಟ್ಟಿಯಲ್ಲಿ ಬಿಗಿದು ಕೆನ್ನೆ ಆನಿಸುವ ಎತ್ತರ ಗೊತ್ತುಮಾಡಿಕೊಂಡೆವು.

ಮರಕ್ಕೆ ಹಳೇ ಬಾಗಿಲುವಾಡದ ತೇಗ ಆರಿಸಿದೆ. ವರ್ಷಗಟ್ಟಲೆ ಒಣಗಿದ ಮರ ಸುಲಭಕ್ಕೆ ತಿರುಚಿಕೊಳ್ಳುವುದಿಲ್ಲ. ಬೀಟೆ ಚೆಂದ, ಆದರೆ ಎಳೆ ತೋಳಿಗೆ ಭಾರ. ಟ್ರಿಗರಿನ ಹಿಂದೆ ಕೈ ಹಿಡಿಯುವ ಸಣ್ಣ ಭಾಗದಲ್ಲಿ ಮರದ ಎಳೆ ಉದ್ದಕ್ಕೆ ಓಡಬೇಕು. ಅಡ್ಡ ಹಾಯ್ದರೆ ಸ್ಟಾಕ್ ಮುರಿಯುವುದು ಅಲ್ಲೇ.

ಲೋಹದ ಭಾಗ ಕೂರುವ ಕುಳಿ ಕೊರೆಯುವುದೇ ನಿಜವಾದ ಕೆಲಸ. ಒಳಗೆ ಗುಂಡಿಲ್ಲ, ಸ್ಪ್ರಿಂಗ್ ಎಳೆದಿಲ್ಲ ಎಂದು ಖಾತ್ರಿ ಮಾಡಿಕೊಂಡೇ ರೈಫಲ್ ಬಿಚ್ಚಬೇಕು. ಲೋಹದ ತಳಕ್ಕೆ ದೀಪದ ಮಸಿ ಸವರಿ ಮರಕ್ಕೆ ಒತ್ತಿದರೆ ಎಲ್ಲಿ ತಗಲುತ್ತದೋ ಅಲ್ಲಿ ಕಪ್ಪು ಮೂಡುತ್ತದೆ. ಕಪ್ಪಾದಷ್ಟನ್ನೇ ಉಳಿಯಿಂದ ತೆಗೆದು ಮತ್ತೆ ಒತ್ತಬೇಕು. ಸ್ಪ್ರಿಂಗ್ ರೈಫಲ್ ಹಿಂದಕ್ಕೂ ಮುಂದಕ್ಕೂ ಜಗ್ಗುವುದರಿಂದ ಸ್ಕ್ರೂ ಸಡಿಲವಾಗುತ್ತದೆ, ಮರವೂ ನಲುಗುತ್ತದೆ. ಅದನ್ನು ತಡೆಯಲು ಹಳೇ ಟಿ.ವಿ. ಆಂಟೆನಾದ ಅಲ್ಯೂಮಿನಿಯಂ ಕೊಳವೆ ಕತ್ತರಿಸಿ ಸ್ಕ್ರೂ ತೂತುಗಳಿಗೆ ಅರಾಲ್ಡೈಟ್ ಹಚ್ಚಿ ಕೂರಿಸಿದೆ. ತೇಗದಲ್ಲಿ ಎಣ್ಣೆಯಂಶ ಇರುವುದರಿಂದ ಅಂಟು ಹಚ್ಚುವ ಮುಂಚೆ ಥಿನ್ನರಿನಲ್ಲಿ ಒರೆಸುವುದು ಒಳ್ಳೆಯದು.

ಆಕಾರ ಕೊಡಲು ಅರ, ಮುರಿದ ಹ್ಯಾಕ್ಸಾ ಬ್ಲೇಡ್, ಗಾಜಿನ ಚೂರು ಸಾಕಾದವು. ಬಾಗಿದ ಕಡೆಗೆ ಪಿವಿಸಿ ಪೈಪಿಗೆ ಉಪ್ಪುಕಾಗದ ಸುತ್ತಿದೆ. ಇವೆಲ್ಲ ನಿಧಾನದ ಸಲಕರಣೆಗಳು, ಆ ನಿಧಾನವೇ ನೆರವಾಯಿತು. ಒಂದಿಷ್ಟು ಕೆರೆದು ಅವಳ ಭುಜಕ್ಕೆ ಕೊಡುತ್ತಿದ್ದೆ. "ಮಾವ, ಇನ್ನೊಂಚೂರು ತಗ್ಗಿಸಿ" ಎನ್ನುತ್ತಿದ್ದಳು. ಅವಳ ಕೆನ್ನೆಗೆ ತಿಳಿದದ್ದು ನನ್ನ ಸ್ಕೇಲಿಗೆ ಸಿಗುತ್ತಿರಲಿಲ್ಲ.

ಕೊನೆಗೆ ಒದ್ದೆ ಬಟ್ಟೆ ಆಡಿಸಿ, ಎದ್ದ ನಾರನ್ನು ಒಣಗಿದ ಮೇಲೆ ಉಜ್ಜಿ, ಅಗಸೆ ಎಣ್ಣೆಯನ್ನು ತೆಳುವಾಗಿ ಹಲವು ಬಾರಿ ಹಚ್ಚಿದೆ. ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ, ತಾನಾಗಿ ಕಾದು ಹೊತ್ತಿಕೊಳ್ಳಬಹುದು. ಬಿಡಿಸಿ ಬಯಲಲ್ಲಿ ಒಣಹಾಕಿ.

ಮಕ್ಕಳು ಬೆಳೆಯುತ್ತಾರೆ. ಹಿಂತುದಿಯ ರಬ್ಬರಿಗೂ ಮರಕ್ಕೂ ನಡುವೆ ಪ್ಲೈವುಡ್ ಬಿಲ್ಲೆಗಳನ್ನು ಸೇರಿಸಲು ಬರುವಂತೆ ಉದ್ದ ಸ್ಕ್ರೂ ಹಾಕಿದ್ದೇನೆ. ಸ್ಪರ್ಧೆಯ ನಿಯಮದಂತೆ ರೈಫಲ್ 5.5 ಕಿಲೋ ಮೀರಬಾರದು, ಆ ಲೆಕ್ಕವನ್ನೂ ಇಟ್ಟುಕೊಳ್ಳಬೇಕು. ಈ ಕೆಲಸಕ್ಕೆ ಇಳಿಯುವವರಿಗೆ ನನ್ನ ಸಲಹೆ ಇಷ್ಟೇ: ಹೊಸ ಮೆಷಿನ್ ಕೊಳ್ಳುವ ಮುಂಚೆ, ಗುರಿಯಿಡುವವರನ್ನು ಮೊದಲ ದಿನದಿಂದಲೇ ಪಕ್ಕದಲ್ಲಿ ಕೂರಿಸಿಕೊಳ್ಳಿ.