ಎಳೆದು ಕೂರಿಸಿದ ಬಟನ್ನಿಗೆ ನಾಚಿಕೆ ಏಕೆ?

ಪ್ರಶ್ನೆ: ನಮ್ಮೂರು ಅಫಜಲಪುರ ತಾಲ್ಲೂಕಿನ ಚೌಡಾಪುರ ಸರ್. ಕಲಬುರಗಿಯಲ್ಲಿ ಡಿಪ್ಲೊಮಾ ಕೊನೇ ವರ್ಷ. ನಮ್ಮ ಕಾಕಾನ ತೊಗರಿ ಅಡತಿ ಅಂಗಡಿಗೆ ತೂಕ, ದರ, ಹಮಾಲಿ ಲೆಕ್ಕ ಹಾಕಿ ಪಟ್ಟಿ ಕೊಡುವ ಪ್ರೋಗ್ರಾಂ ಮಾಡಿದ್ದೇನೆ, ಅದೇ ಪ್ರಾಜೆಕ್ಟ್. ಪೈಥಾನ್ ಭಾಷೆ. ಪರದೆಗಳನ್ನೆಲ್ಲ ಕ್ಯೂಟಿ ಡಿಸೈನರ್‌ನಲ್ಲಿ ಮೌಸಿನಿಂದ ಎಳೆದು ಕೂರಿಸಿದೆ. "ಇದು ಪ್ರೋಗ್ರಾಮಿಂಗೇ ಅಲ್ಲ, ಎಕ್ಸಾಮಿನರ್ ನಗ್ತಾರ" ಅಂತಾರೆ ಗೆಳೆಯರು. ಎಲ್ಲ ಅಳಿಸಿ ಕೈಯಾರೆ ಕೋಡ್ ಬರೆಯಲೇ? ಸಲ್ಲಿಸಲು ತಿಂಗಳೂ ಉಳಿದಿಲ್ಲ.

ಉತ್ತರ: ಅಳಿಸಬೇಡ ತಮ್ಮಾ. ಟಿಮ್ ಬರ್ನರ್ಸ್-ಲೀ 1990ರಲ್ಲಿ ಜಗತ್ತಿನ ಮೊದಲ ವೆಬ್ ಬ್ರೌಸರ್ ಕಟ್ಟಿದ್ದೇ ನೆಕ್ಸ್ಟ್ ಕಂಪ್ಯೂಟರಿನ ಇಂಟರ್‌ಫೇಸ್ ಬಿಲ್ಡರ್ ನೆರವಿನಿಂದ; ಅದೂ ಮೌಸಿನಿಂದ ಎಳೆದು ಕೂರಿಸುವ ಸಲಕರಣೆಯೇ. ನಗುವವರಿಗೆ ಇಷ್ಟು ಹೇಳಿದರೆ ಸಾಕು.

ನನಗೆ ಚಿಂತೆ ಹುಟ್ಟಿಸಿದ್ದು ನೀನು ಕಳಿಸಿದ ಪರದೆಯ ಚಿತ್ರ. 'ಒಟ್ಟು ಮೊತ್ತ'ದ ಒತ್ತುಗಳು ಅರ್ಧ ಕತ್ತರಿಸಿಹೋಗಿವೆ, 'ಕ್ವಿಂಟಲ್' ಕಿಂಟಲ್ ಆಗಿದೆ! ಮೌಸಿನಿಂದ ಎಳೆದ ಡಬ್ಬಿಯ ಜಾಗವೂ ಎತ್ತರವೂ ಪಿಕ್ಸೆಲ್ ಲೆಕ್ಕದಲ್ಲಿ ಗಟ್ಟಿಯಾಗಿ ನಿಂತುಬಿಡುತ್ತವೆ. ಇಂಗ್ಲಿಷಿಗೆ ಸಾಲುವ ಎತ್ತರ ಕನ್ನಡಕ್ಕೆ ಸಾಲದು. ನಮ್ಮ ಒತ್ತಕ್ಷರ ಗೆರೆಯ ಕೆಳಗೆ ಇಳಿಯುತ್ತದಲ್ಲ. ಅದಕ್ಕೆ ಮದ್ದು ಡಿಸೈನರ್‌ನಲ್ಲೇ ಇದೆ. ಫಾರ್ಮ್ ಮೇಲೆ ಬಲಕ್ಲಿಕ್ ಮಾಡಿ ಗ್ರಿಡ್ ಲೇಔಟ್ ಕೊಡು, ನೀನೇ ಕೊಟ್ಟ ಎತ್ತರದ ಮಿತಿ ಇದ್ದರೆ ತೆಗೆ. ಅಕ್ಷರ ಬೆಳೆದಂತೆ ಡಬ್ಬಿಯೂ ಬೆಳೆಯುತ್ತದೆ.

ಪಟ್ಟಿಯ ಪರದೆಯನ್ನು ಮಾತ್ರ ಕೈಯಾರೆ ಬರೆ. ಒಬ್ಬ ರೈತ ಮೂರು ಚೀಲ ತಂದಾನು, ಇನ್ನೊಬ್ಬ ಮೂವತ್ತು; ಎಷ್ಟು ಸಾಲು ಬರುತ್ತದೋ ಗೊತ್ತಿಲ್ಲದ್ದನ್ನು ಮೊದಲೇ ಎಳೆದು ಕೂರಿಸಲು ಆಗದು. ಡೇಟಾ ನೋಡಿ ಹಿಗ್ಗುವ, ಕುಗ್ಗುವ ಪರದೆಗೆ ಕೋಡೇ ಸಲೀಸು. ಫ್ಲಟರ್, ಜೆಟ್‌ಪ್ಯಾಕ್ ಕಂಪೋಸ್‌ನಂಥ ಈಚಿನ ಸಲಕರಣೆಗಳಲ್ಲಂತೂ ಪರದೆಯನ್ನು ಕೋಡಿನಲ್ಲೇ ಬರೆಯುವುದು ರೂಢಿ.

ಇನ್ನೊಂದು. ಡಿಸೈನರ್ ಫೈಲಿನಿಂದ ಹುಟ್ಟಿದ ಪೈಥಾನ್ ಫೈಲನ್ನು ತಿದ್ದಿದ್ದೀಯಾ? ಮತ್ತೊಮ್ಮೆ ಪರಿವರ್ತಿಸಿದರೆ ತಿದ್ದಿದ್ದೆಲ್ಲ ಮಾಯ. ಅದರ ತಲೆಯ ಮೇಲೇ ಎಚ್ಚರಿಕೆ ಬರೆದಿರುತ್ತದೆ, ಓದುವವರು ಕಡಿಮೆ. ನಿನ್ನ ಲೆಕ್ಕದ ಕೋಡನ್ನು ಬೇರೆ ಫೈಲಿನಲ್ಲಿಡು.

ಎಕ್ಸಾಮಿನರ್ ಹೆಚ್ಚಾಗಿ ಕೇಳುವುದು ಈ ಬಟನ್ ಒತ್ತಿದರೆ ಯಾವ ಫಂಕ್ಷನ್ ಓಡುತ್ತದೆ, ಎಲ್ಲಿ ಜೋಡಿಸಿದ್ದೀಯ ಎಂದು. ಆ ಸಾಲುಗಳನ್ನು ಬೆರಳಿಟ್ಟು ತೋರಿಸಲು ಬರಬೇಕು. ಅದಕ್ಕೂ ಮೊದಲು ಕಾಕಾನ ಅಂಗಡಿಯ ಕಂಪ್ಯೂಟರಿನಲ್ಲೇ ಒಂದು ದಿನ ಪಟ್ಟಿ ತೆಗೆದು ನೋಡು.